ಬಚ್ಚಲಿನ ಬಕೆಟ್ಟಿನಲ್ಲಿದ್ದ ಕಲ್ಲು

ಅತ್ತೆಗೆ ಆ ಗಾಜಿನ ತೊಟ್ಟಿಯನ್ನು ಕಂಡರೆ ಆಗುತ್ತಿರಲಿಲ್ಲ. ಅದು ಮನೆಗೆ ಬಂದ ದಿನವೇ ತಮ್ಮ ಕುರ್ಚಿಯನ್ನು ಅದಕ್ಕೆ ಬೆನ್ನು ಮಾಡಿ ತಿರುಗಿಸಿಕೊಂಡಿದ್ದರು. "ಮನೇಲಿ ಬಟ್ಟೆ ಒಣಗಲ್ಲ, ಗೋಡೆ ಒಣಗಲ್ಲ, ಇದೊಂದು ಸಮುದ್ರ ಬೇರೆ ಬೇಕಿತ್ತು" ಎಂದು ಯಾರನ್ನೂ ನೋಡದೆ ಹೇಳುವರು. ಪಂಪಿನ ಗೊರಗೊರ ಸದ್ದಿಗೆ ಒಂದು ಮಾತು, ನೆಲಕ್ಕೆ ಬಿದ್ದ ಉಪ್ಪಿನ ಕಲೆಗೆ ಇನ್ನೊಂದು ಮಾತು. ಸೊಸೆ ಹೊಲಿಗೆ ಯಂತ್ರದ ಚಕ್ರವನ್ನು ಸ್ವಲ್ಪ ಜೋರಾಗಿ ತಿರುಗಿಸುತ್ತಿದ್ದಳು, ಅಷ್ಟೆ.

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮೂರನೇ ಮಹಡಿಯ ಆ ಮನೆಯ ಮುಂದಿನ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ ಕೂತು, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಒಮ್ಮೆ ಹಲ್ಲಿನ ಡಾಕ್ಟರೊಬ್ಬರಿಗೆ ಬಿಳಿ ಕೋಟು ಕೊಡಲು ಹೋದಾಗ ಅವರ ಕ್ಲಿನಿಕ್ಕಿನ ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಕಂಡಿತ್ತು. ಒಳಗೆ ಹವಳಗಳು. ನೇರಳೆ, ಹಸಿರು, ಹೆಸರಿಲ್ಲದ ಇನ್ನೊಂದು ಬಣ್ಣ. ಗಾಳಿಯೇ ಇಲ್ಲದ ಕಡೆ ಗಾಳಿಗೆ ಸಿಕ್ಕ ಹುಲ್ಲಿನಂತೆ ಓಲಾಡುತ್ತಿದ್ದವು. ಹಲ್ಲುನೋವಿನವರ ಸಾಲಿನಲ್ಲಿ ಅವಳೂ ಕೂತುಬಿಟ್ಟಳು. ಕೊನೆಗೆ ಅಲ್ಲಿನ ಹುಡುಗಿ ಬಂದು "ನಿಮಗೆ ಯಾವ ಹಲ್ಲು?" ಎಂದು ಕೇಳಿದ ಮೇಲೆ ಎಚ್ಚರವಾಯಿತು.

ಗಂಡ ಲಿಫ್ಟ್ ಮೆಕ್ಯಾನಿಕ್. ಅಂಥದ್ದೊಂದು ನಮ್ಮ ಮನೆಗೂ ಬೇಕು ಎಂಬ ಅವಳ ಆಸೆ ಕೇಳಿ ನಕ್ಕ. ಆದರೆ ತೊಟ್ಟಿ ಬಂದಾಗ ಅದರ ಕೆಳಗಿನ ಮೇಜಿಗೆ ಕಬ್ಬಿಣದ ಪಟ್ಟಿ ಬಿಗಿದವನು ಅವನೇ. ತಂತಿಯ ಮೇಲೆ ನೀರು ಹರಿದು ಪ್ಲಗ್ಗಿಗೆ ಹೋಗದ ಹಾಗೆ ಅದನ್ನು ಇಳಿಬಿಟ್ಟು ಬಾಗಿಸಿ ಕಟ್ಟಿದವನೂ ಅವನೇ. ಉಳಿದದ್ದೆಲ್ಲ ಅವಳ ಪಾಡು. ಶೋಧಿಸಿದ ನೀರಿಗೆ ಸಮುದ್ರದ ಉಪ್ಪಿನ ಪುಡಿ ಕಲಸಬೇಕು, ಉಪ್ಪು ಹದವಾಗಿದೆಯೇ ಎಂದು ಅಳೆಯಬೇಕು, ನೀರು ಬೆಚ್ಚಗಿರಬೇಕು, ಅಲೆಯಾಡುತ್ತಿರಬೇಕು. ಆಮೇಲೆ ಮರಳು. ಮರಳಿನ ಮೇಲೆ ಸಮುದ್ರದಿಂದ ಬಂದ ತೂತುತೂತಾದ ಕಲ್ಲು. ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ನೀರಿನ ಕೊಳೆಯನ್ನು ತಿನ್ನುವವರೆಗೂ ಮೀನು ಬಿಡುವಂತಿಲ್ಲ.

"ಆತುರ ಪಟ್ಟರೆ ಸಾಯೋದು ಮೀನು, ನೀವಲ್ಲ. ಅದಕ್ಕೇ ಜನ ಆತುರ ಪಡ್ತಾರೆ" ಎಂದಿದ್ದ ಅಂಗಡಿಯವನು. ಎದೆಯವರೆಗೆ ಗಡ್ಡ ಬಿಟ್ಟಿದ್ದ ಅವನನ್ನು ಅವಳು ಮನಸ್ಸಿನಲ್ಲಿ ಗಡ್ಡದಣ್ಣ ಎಂದು ಕರೆದುಕೊಂಡಿದ್ದಳು. ಕಲ್ಲುಗಳ ಜೊತೆ ಅವನು ಒಂದನ್ನು ಹೆಚ್ಚಿಗೆ ಕೊಟ್ಟಿದ್ದ. ಅದರ ಮೈಮೇಲೆ ಕಂದು ಬಣ್ಣದ ಪುಟ್ಟ ಹವಳಗಳು, ಕೋಟಿನ ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದಂತೆ. "ಇದನ್ನ ಮಾತ್ರ ಕೈಗವಸು ಇಲ್ಲದೆ ಮುಟ್ಟಬೇಡಿ. ಇದರ ಲೋಳೆಯಲ್ಲಿ ವಿಷ ಇರುತ್ತೆ. ನಿಮ್ಮ ಬೆರಳು ನೋಡಿ, ಬರೀ ಸೂಜಿ ಚುಚ್ಚಿದ ಗಾಯ."

ಅವಳು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಆದರೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ವಿಷ ಎಂಬ ಪದ ಅತ್ತೆಯ ಕಿವಿಗೆ ಬಿದ್ದರೆ ತೊಟ್ಟಿ ಅವತ್ತೇ ಬೀದಿ ಸೇರುತ್ತದೆ ಎಂಬ ಭಯ.

ಅಷ್ಟರಲ್ಲಿ ಅತ್ತೆ ಒಳಗೊಳಗೇ ಬದಲಾಗಿದ್ದರು. ಒಂದು ಬೆಳಿಗ್ಗೆ ಗಾಜಿನ ಮೇಲೆ ಅವರ ಮೂಗಿನ ಗುರುತು ಇತ್ತು. ಇನ್ನೊಂದು ದಿನ ಅಡುಗೆಮನೆಯಿಂದ, ಯಾರಿಗೋ ಎಂಬಂತೆ, "ಎಡಗಡೆ ಕಲ್ಲಿನ ಕೆಳಗೆ ಒಂದು ಬಸವನಹುಳ ಇದೆ, ಜೋಳದಷ್ಟು" ಎಂದರು. ಟೈಲರಮ್ಮ ಓಡಿ ಹೋಗಿ ನೋಡಿದಳು. ಇತ್ತು. ಅವಳಿಗೇ ಕಾಣದ್ದು ಅತ್ತೆಗೆ ಕಂಡಿತ್ತು.  ಸಂಜೆಗೆ ಅತ್ತೆಯ ಕುರ್ಚಿ ತೊಟ್ಟಿಯ ಕಡೆಗೆ ಅರ್ಧ ತಿರುಗಿತ್ತು.

ಗುಂಡಿ ಹವಳದ ಆ ಕಲ್ಲಿನಲ್ಲೇ ಕಾಟ ಶುರುವಾಯಿತು. ಗಾಜಿನ ಎಳೆಗಳಂಥ ಪುಟ್ಟ ಕಳೆ ಅದರ ಸಂದುಗಳಲ್ಲಿ ತಲೆ ಎತ್ತಿತು. ಬಿಟ್ಟರೆ ತೊಟ್ಟಿಯನ್ನೆಲ್ಲ ಆವರಿಸುತ್ತದೆ ಎಂದು ಗಡ್ಡದಣ್ಣ ಮೊದಲೇ ಹೇಳಿದ್ದ. ಟೈಲರಮ್ಮ ಕೈಗವಸು ತೊಟ್ಟು ಕಲ್ಲನ್ನು ತೆಗೆದು, ಬಕೆಟ್ಟಿನಲ್ಲಿ ಉಪ್ಪುನೀರು ತುಂಬಿ ಅದರಲ್ಲಿಟ್ಟು, ಬಚ್ಚಲಿನ ಮೂಲೆಗೆ ಸರಿಸಿದಳು. ಸಂಜೆ ಅಂಗಡಿಗೆ ಒಯ್ದು ಕೇಳೋಣ ಎಂದುಕೊಂಡಳು. ಸಮವಸ್ತ್ರದ ಗಂಟು ಹೊತ್ತು ಶಾಲೆಗೆ ಹೊರಟಳು. ಹೊರಡುವಾಗ ಅತ್ತೆಗೆ ಹೇಳಿದ್ದು "ಬರ್ತೀನಿ" ಎಂಬ ಒಂದೇ ಮಾತು.

ಶಾಲೆಯಲ್ಲಿ ಹೊತ್ತಾಯಿತು. ಕಾಲರು ಬಿಗಿ, ತೋಳು ಉದ್ದ, ಅದು ಇದು. ಮರಳಿ ಬಂದು ಬೀಗದ ಕೈ ತಿರುಗಿಸುವಾಗಲೇ ಒಳಗಿನಿಂದ ಕೆಮ್ಮು ಕೇಳಿಸಿತು. ಗಂಟಲು ಕೆರೆದ ಕೆಮ್ಮಲ್ಲ, ಎದೆಯ ತಳದಿಂದ ಕಿತ್ತು ಬರುವ ಕೆಮ್ಮು.

ಅತ್ತೆ ನಡುಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ತೋಳುಗಳನ್ನು ಮಡಚಿ ಎದೆಗೆ ಒತ್ತಿಕೊಂಡಿದ್ದರು. ಸೆಕೆಯ ದಿನ, ಆದರೂ ನಡುಗುತ್ತಿದ್ದರು.

"ಅತ್ತೆ! ಏನಾಯ್ತು?"

"ಏನಿಲ್ಲ ಕಣೆ. ಚಳಿ ಅಷ್ಟೆ. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆ."

"ಏನಾದ್ರೂ ತಿಂದ್ರಾ?"

"ತಿನ್ನೋದೇನು ಬಂತು. ನಿನ್ನ ಕಲ್ಲು ಗಬ್ಬು ನಾರ್ತಿತ್ತು. ಪಾಪ, ಅವಳಿಗೆಲ್ಲಿ ಪುರುಸೊತ್ತು ಅಂತ ನಾನೇ..." ಕೆಮ್ಮು ತಡೆಯಿತು. "ಕುದಿಯೋ ನೀರು ಹುಯ್ದು ಬ್ರಷ್ ಹಾಕಿ ತಿಕ್ಕಿದೆ. ಬೆಳ್ಳಗಾಗಿದೆ, ಹೋಗಿ ನೋಡು."

 ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ ಕನ್ನಡಿಯೆಲ್ಲ ಮಂಜು. ಬಾಗಿಲು ಎಳೆದುಕೊಳ್ಳಲು ಅವಳು ಹತ್ತಿರ ಹೋದಳು. ಒಂದೇ ಒಂದು ಉಸಿರು ಒಳಗೆ ಹೋಯಿತು. ನಾಲಿಗೆಯ ಬುಡದಲ್ಲಿ ಕಹಿ ಹತ್ತಿತು. ತಟ್ಟನೆ ಮೂಗು ಮುಚ್ಚಿಕೊಂಡು ಬಾಗಿಲು ಹಾಕಿ ಚಿಲಕ ಸರಿಸಿ, ಕೈಗೆ ಸಿಕ್ಕ ಒದ್ದೆ ಟವೆಲನ್ನು ಕೆಳಗಿನ ಸಂದಿಗೆ ತುರುಕಿದಳು. ಕಿಟಕಿಗಳನ್ನು ದಬದಬ ತೆರೆದಳು. ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇತ್ತು. ಬಚ್ಚಲಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದಳು: ವಿಷ. ತೆಗೆಯಬೇಡಿ.

"ವಿಷಾನಾ?" ಎಂದರು ಅತ್ತೆ. ಅಕ್ಷರ ಓದಿದ ಅವರ ಕಣ್ಣು ಸೊಸೆಯ ಮುಖದ ಮೇಲೆ ನಿಂತಿತು.

"ಆಮೇಲೆ ಹೇಳ್ತೀನಿ ಅತ್ತೆ. ಏಳಿ, ಮೊದಲು ಆಚೆ ಹೋಗೋಣ."

ಅವರು ಏಳಲಾಗಲಿಲ್ಲ. ಕಂಕುಳಿಗೆ ಕೈ ಹಾಕಿ, ಎಳೆದಂತೆಯೇ, ಮೆಟ್ಟಿಲ ಬಳಿಗೆ ತಂದು ಕೂರಿಸಿದಳು. ಆಂಬುಲೆನ್ಸಿಗೆ ಫೋನ್ ಮಾಡಿದಳು. ಗಂಡನಿಗೆ ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಲಿಫ್ಟ್ ಓಡಾಡುವ ಬಾವಿಗೆ ಇಳಿಯುವಾಗ ಅವನು ಫೋನನ್ನು ಚೀಲದಲ್ಲಿಟ್ಟು ಹೋಗುತ್ತಾನೆ. ಮತ್ತೆ ಮಾಡಿದಳು. ಅತ್ತೆಯ ಉಸಿರು ಹರಿದ ಬಟ್ಟೆಯಂತೆ ಸದ್ದು ಮಾಡುತ್ತಿತ್ತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದವರು ಒಬ್ಬ ಲೇಡಿ ಡಾಕ್ಟರ್, ಸೊಸೆಗಿಂತ ಚಿಕ್ಕ ವಯಸ್ಸು. ಆಕ್ಸಿಜನ್ ಹಾಕಿಸಿ, ಎದೆಗೆ ತಂತಿ ಅಂಟಿಸಿ, ಸರಸರ ಪ್ರಶ್ನೆ ಕೇಳಿದರು. ಅಸ್ತಮಾ ಇತ್ತಾ? ಜ್ವರ ಯಾವಾಗಿಂದ? ಮನೇಲಿ ಬೇರೆ ಯಾರಿಗಾದ್ರೂ ಹುಷಾರಿಲ್ವಾ?

"ಕಲ್ಲಿಗೆ ಬಿಸಿನೀರು ಹುಯ್ದಿದ್ದಾರೆ" ಎಂದಳು ಟೈಲರಮ್ಮ.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಯಾವ ಕಲ್ಲು?"

"ಕಲ್ಲಲ್ಲ, ಅದರ ಮೇಲಿನ ಹವಳ. ಮೀನಿನ ತೊಟ್ಟೀದು. ಅದರಲ್ಲಿ ವಿಷ ಇದೆ ಅಂತ ಅಂಗಡಿಯವರು ಹೇಳಿದ್ರು. ಮುಟ್ಟಬಾರದು ಅಂತ. ಹಬೇಲಿ ಬರುತ್ತಾ ಇಲ್ವಾ ನಂಗೊತ್ತಿಲ್ಲ. ಆದ್ರೆ ಒಂದು ಉಸಿರು ನನ್ನ ಮೂಗಿಗೂ ಹೋಯ್ತು, ಬಾಯಿ ಕಹಿಯಾಗಿದೆ, ತುಟಿ ಜುಮುಗುಡ್ತಿದೆ. ನಾನು ಹುಚ್ಚಿ ಥರ ಮಾತಾಡ್ತಿದೀನಿ ಅನ್ಸಬಹುದು ಡಾಕ್ಟ್ರೇ."

"ಇಲ್ಲ. ಆ ಅಂಗಡಿಯವರ ನಂಬರ್ ಇದ್ಯಾ?"

ಗಡ್ಡದಣ್ಣ ಫೋನೆತ್ತಿ ವಿಷಯ ಕೇಳಿದವನೇ, "ಬಿಸಿನೀರಾ? ಅಯ್ಯೋ, ಬಿಸಿನೀರಾ?" ಎಂದ. ಡಾಕ್ಟರ್ ಫೋನ್ ತೆಗೆದುಕೊಂಡರು. ಅವನು ವಿಷದ ಹೆಸರು ಹೇಳಿದ. ಇವರು ಮತ್ತೆ ಹೇಳಿಸಿ, ಅಕ್ಷರ ಬಿಡಿಸಿ ಹೇಳಿಸಿ, ಗುರುತು ಹಾಕಿಕೊಂಡು, ಒಳಗೆ ಹೋಗಿ ಇನ್ಯಾರಿಗೋ ಫೋನ್ ಮಾಡಿದರು. ಮರಳಿ ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು.

"ನೋಡಿ, ಇದಕ್ಕೆ ಅಂತ ಪ್ರತ್ಯೇಕ ಮದ್ದಿಲ್ಲ. ಉಸಿರಾಟಕ್ಕೆ ಆಸರೆ ಕೊಡ್ತೀವಿ, ಹೃದಯದ ಬಡಿತದ ಮೇಲೆ ಕಣ್ಣಿಟ್ಟಿರ್ತೀವಿ. ಮಿಕ್ಕಿದ್ದು ಅವರ ದೇಹ ಮಾಡ್ಬೇಕು. ವಯಸ್ಸಾಗಿದೆ, ಅದೇ ಯೋಚನೆ. ನೀವೂ ಮಲಗಿ. ಏಳೋ ಹಾಗಿಲ್ಲ."

ಪಕ್ಕದ ಮಂಚದ ಮೇಲೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಅವಳು ಮಲಗಿದಳು. ಅತ್ತೆಯನ್ನು ಒಳಗಿನ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ಪರದೆಯ ಕೆಳಗೆ ಮಂಚದ ಚಕ್ರಗಳು ಉರುಳಿ ಹೋದದ್ದಷ್ಟೇ ಅವಳಿಗೆ ಕಂಡದ್ದು.

ಗಂಡ ಬಂದಾಗ ಅವನ ಅಂಗೈ ತುಂಬ ಗ್ರೀಸು. ತೊಳೆದುಕೊಳ್ಳುವ ವ್ಯವಧಾನವೂ ಇರಲಿಲ್ಲ. ಅವಳು ಎಲ್ಲ ಹೇಳಿದಳು. ಮುಚ್ಚಿಡಲಿಲ್ಲ, ಅಂಗಡಿಯವನು ಮೊದಲೇ ಎಚ್ಚರಿಸಿದ್ದ ಎಂಬುದನ್ನೂ ಸೇರಿಸಿ.

"ನಿನಗೆ ಗೊತ್ತಿತ್ತು" ಎಂದ ಅವನು.

"ಮುಟ್ಟಬಾರದು ಅಂತ ಗೊತ್ತಿತ್ತು. ಹಬೆ ವಿಷಯ..."

"ಗೊತ್ತಿತ್ತು. ಗೊತ್ತಿದ್ದೂ ಅಮ್ಮನ ಬಚ್ಚಲಲ್ಲಿಟ್ಟು ಹೋದೆ. ಒಂದು ಮಾತು ಹೇಳೋಕೆ ಆಗ್ಲಿಲ್ವಾ? ಒಂದೇ ಒಂದು ಮಾತು?"

 ಅವನು ಮೆಲುದನಿಯಲ್ಲೇ ಮಾತಾಡಿದ್ದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಒಳಗಿನ ಘಟಕದ ಬಾಗಿಲ ಮುಂದೆ ಹೋಗಿ ನಿಂತ, ಒಳಗೆ ಬಿಡಲಿಲ್ಲ. ತಿರುಗಿ ಬಂದ. ಮುಖ ಸುಟ್ಟ ಇಟ್ಟಿಗೆಯಂತಾಗಿತ್ತು.

"ಮನೆಗೆ ಹೋಗ್ತೀನಿ. ಆ ಬಕೆಟ್ಟು, ಆ ತೊಟ್ಟಿ, ಒಂದೂ ಉಳಿಸಲ್ಲ."

"ರೀ, ಬೇಡ! ಆ ಬಾಗಿಲು ತೆಗೀಬೇಡಿ. ಒಳಗೆ ಇನ್ನೂ..."

ಅವನು ಆಗಲೇ ಹೊರಟಿದ್ದ. ಅವಳು ಎದ್ದು ನಳಿಕೆ ಕಿತ್ತಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಮಂಚದ ಕಂಬಿ ಹಿಡಿದುಕೊಂಡಳು. ನರ್ಸು ಓಡಿಬಂದು ಮಲಗಿಸಿದಳು. ಟೈಲರಮ್ಮ ಮಲಗಿದಲ್ಲಿಂದಲೇ ಗಂಡನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಕತ್ತರಿಸಿದ. ಮನಸ್ಸಿನಲ್ಲಿ ಅವನು ಮೆಟ್ಟಿಲು ಹತ್ತುತ್ತಿದ್ದ, ಬೀಗ ತೆಗೆಯುತ್ತಿದ್ದ, ಚಿಲಕಕ್ಕೆ ಕೈ ಹಾಕುತ್ತಿದ್ದ. ಕೊನೆಗೆ ಗಡ್ಡದಣ್ಣನ ನಂಬರು ಒತ್ತಿದಳು. ಅವನ ಅಂಗಡಿ ಇವರ ಮನೆಯ ಹಿಂದಿನ ಬೀದಿಯಲ್ಲೇ ಇತ್ತು.

"ಅಣ್ಣಾ, ನಮ್ಮ ಮನೆಯವರು ಬಚ್ಚಲು ತೆಗೆಯೋಕೆ ಹೋಗಿದಾರೆ. ನನ್ನ ಮಾತು ಕೇಳ್ತಿಲ್ಲ. ನೀವು ಓಡಿ."

"ಓಡ್ತಿದೀನಿ. ಫೋನ್ ಇಡಬೇಡಿ."

ಫೋನನ್ನು ಕಿವಿಗೆ ಒತ್ತಿಕೊಂಡಳು. ಚಪ್ಪಲಿಯ ಸದ್ದು. ಯಾವುದೋ ಗಾಡಿಯ ಹಾರ್ನು. ಏದುಸಿರು. ಆಮೇಲೆ ಮೆಟ್ಟಿಲು, ಅವನು ಒಮ್ಮೆ ಎಡವಿದ, ಏನೋ ಗೊಣಗಿದ. ಬಾಗಿಲು ದಬದಬ ಬಡಿದ ಸದ್ದು. "ಸಾರ್! ಸಾರ್, ತೆಗೀರಿ!" ಉತ್ತರವಿಲ್ಲ. ಮತ್ತೆ ಬಡಿತ. ಅವಳು ಹೊದಿಕೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. 

ಬಾಗಿಲು ಕಿರ್ರೆಂದಿತು. ಯಾರೋ ಕೆಮ್ಮಿದರು.  ಆ ಕೆಮ್ಮು ಗಡ್ಡದಣ್ಣನದು, ಓಡಿ ಬಂದದ್ದಕ್ಕೆ.

"ಕೊಡಿ ಇಲ್ಲಿ" ಎಂಬ ದನಿ. ಆಮೇಲೆ ಕಿವಿಯ ಹತ್ತಿರವೇ ಗಂಡ. "ತೆಗ್ದಿಲ್ಲ ಕಣೆ."

ಅವಳು ಅತ್ತುಬಿಟ್ಟಳು.

"ಚಿಲಕದ ಮೇಲೆ ಕೈ ಇಟ್ಟಿದ್ದೆ. ನೀನು ಬರೆದಿದ್ದು ಕಾಣಿಸ್ತು." ಅವನು ತಡೆದು ತಡೆದು ಹೇಳಿದ. "ನಾವು ಲಿಫ್ಟಿನ ಬಾವಿಗೆ ಇಳಿಯುವಾಗ ಮೇಲೆ ಸ್ವಿಚ್ಚಿಗೆ 'ಮುಟ್ಟಬೇಡಿ' ಅಂತ ಬೋರ್ಡು ಹಾಕಿ ಇಳೀತೀವಿ. ಒಬ್ಬ ಹಾಕಿದ ಬೋರ್ಡನ್ನ ಇನ್ನೊಬ್ಬ ತೆಗೆಯೋ ಹಾಗಿಲ್ಲ. ಎಷ್ಟೇ ಸಿಟ್ಟಿದ್ರೂ. ಕೈ ತಾನಾಗೇ ಹಿಂದೆ ಬಂತು."

ಆ ಬಚ್ಚಲನ್ನು ಅವತ್ತು ಯಾರೂ ತೆರೆಯಲಿಲ್ಲ. ಮರುದಿನ ಗಡ್ಡದಣ್ಣ ವಿಷಗಾಳಿ ತಡೆಯುವ ಮುಖವಾಡ, ಕನ್ನಡಕ, ಮೊಣಕೈವರೆಗಿನ ಕೈಗವಸು ತೊಟ್ಟು ಒಳಗೆ ಹೋದ. ತಣ್ಣೀರಿಗೆ ಬ್ಲೀಚ್ ಬೆರೆಸಿ ಕಲ್ಲನ್ನೂ ಬ್ರಷ್ಷನ್ನೂ ನೆಲವನ್ನೂ ನೆನೆಸಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎಲ್ಲ ತುಂಬಿ ಒಯ್ದ. ಹೋಗುವಾಗ ಗಂಡನಿಗೆ ಹೇಳಿದನಂತೆ, "ಬಿಸಿನೀರಿನ ವಿಷಯ ನಾನೂ ಬಾಯಿಬಿಟ್ಟು ಹೇಳಿರಲಿಲ್ಲ ಸಾರ್. ಹೇಳ್ಬೇಕಿತ್ತು."

ಆದರೆ ಅದು ಮರುದಿನದ ಮಾತು. ಅದಕ್ಕೂ ಮೊದಲು ಅತ್ತೆಯ ಜ್ವರ ಏರಿತು, ಹೃದಯದ ಬಡಿತ ತಾಳ ತಪ್ಪಿತು, ಡಾಕ್ಟರ್ ಮನೆಗೆ ಹೋಗಬೇಕಾದವರು ಹೋಗದೆ ಉಳಿದರು. ಗಂಡ ಆಸ್ಪತ್ರೆಗೆ ಮರಳಿದ್ದ; ನಳಿಕೆ ತೆಗೆದು ಅವಳನ್ನೂ ಏಳಲು ಬಿಟ್ಟ ಮೇಲೆ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಅವನು ಒಮ್ಮೆ ಎದ್ದು ಹೋಗಿ ಎರಡು ಲೋಟ ಟೀ ತಂದು, ಒಂದನ್ನು ಅವಳ ಪಕ್ಕ ಇಟ್ಟ. ಕೈಗೆ ಕೊಡಲಿಲ್ಲ. ಅವಳು ತೆಗೆದುಕೊಂಡಳು.

ಬೆಳಕು ಹರಿಯುವ ಹೊತ್ತಿಗೆ ಬಡಿತ ಹದಕ್ಕೆ ಬಂತು. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದರು. ಗಂಡ ಎದ್ದ. ಸ್ವಲ್ಪದರಲ್ಲೇ ಹೊರಬಂದು, "ನಿನ್ನೇ ಕೇಳ್ತಿದಾಳೆ" ಎಂದ.

ಅತ್ತೆ ಒಂದೇ ದಿನಕ್ಕೆ ಇಳಿದುಹೋಗಿದ್ದರು. ಆಕ್ಸಿಜನ್ ಮುಖವಾಡವನ್ನು ಬೆರಳಿನಿಂದ ಎತ್ತಿ, "ವಿಷ ಅಂತ ಬರೆದ್ಯಲ್ಲ. ನಿಂಗೆ ಮೊದಲೇ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು ಅತ್ತೆ. ಹೇಳಿದ್ರೆ ನೀವು ತೊಟ್ಟಿ ಇಡೋಕೆ ಬಿಡಲ್ಲ ಅಂತ ಹೇಳ್ಲಿಲ್ಲ. ತಪ್ಪಾಯ್ತು."

ಅತ್ತೆ ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದುಕೊಂಡಳು. "ಬಿಡ್ತಿರ್ಲಿಲ್ಲ, ನಿಜ" ಎಂದರು ಕಣ್ಣು ಮುಚ್ಚಿಕೊಂಡೇ. "ನಾನೂ ನಿನ್ನ ಕೇಳಿ ಕೈ ಹಾಕ್ಬೇಕಿತ್ತು. ಕೇಳಿದ್ರೆ, ಆ ತೊಟ್ಟೀನ ನಾನೂ ದಿನಾ ನೋಡ್ತಿರ್ತೀನಿ ಅಂತ ನಿಂಗೆ ಗೊತ್ತಾಗಿಬಿಡ್ತಿತ್ತು."

ಇಬ್ಬರಿಗೂ ನಗು ಬರಲಿಲ್ಲ. ಅತ್ತೆಯ ಕೈ ಹೊದಿಕೆಯ ಮೇಲಿತ್ತು. ಸೊಸೆ ಅದನ್ನು ಹಿಡಿದುಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಅಳತೆ ತೆಗೆಯುವಾಗ ಬಿಟ್ಟರೆ, ಅವಳು ಆ ಕೈಯನ್ನು ಮುಟ್ಟಿದ್ದೇ ಇಲ್ಲ.

ಮನೆಗೆ ಬಂದ ಮೇಲೂ ಅತ್ತೆಯ ಕೆಮ್ಮು ಪೂರ್ತಿ ಹೋಗಲಿಲ್ಲ. ನಡುಮನೆಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಏದುಸಿರು. ಅದನ್ನು ಕೇಳಿದಾಗಲೆಲ್ಲ ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. ಗಂಡ ತೊಟ್ಟಿಯ ವಿಷಯ ಎತ್ತಲಿಲ್ಲ, ಅದರ ಕಡೆ ನೋಡಲೂ ಇಲ್ಲ. ಕೊನೆಗೆ ಒಂದು ಮಧ್ಯಾಹ್ನ ಅವಳೇ ಪಂಪು ನಿಲ್ಲಿಸಿ, ರಬ್ಬರ್ ನಳಿಕೆಯ ಒಂದು ತುದಿಯನ್ನು ನೀರಿಗೂ ಇನ್ನೊಂದನ್ನು ಬಕೆಟ್ಟಿಗೂ ಬಿಟ್ಟು ಖಾಲಿ ಮಾಡತೊಡಗಿದಳು. ನೀರಿನ ಮಟ್ಟ ಇಳಿದಂತೆ ಕಲ್ಲುಗಳ ತಲೆ ಹೊರಗೆ ಬಂದವು.

"ಏನ್ ಮಾಡ್ತಿದೀಯಾ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ತೆಗೆದುಬಿಡ್ತೀನಿ ಅತ್ತೆ. ಸಾಕು."

"ಯಾರನ್ನ ಕೇಳಿ?"

ಅವಳು ನಳಿಕೆಯನ್ನು ಇನ್ನಷ್ಟು ಕೆಳಗೆ ಇಳಿಸಿದಳು.

"ತರುವಾಗ್ಲೂ ಕೇಳ್ಲಿಲ್ಲ, ತೆಗೆಯುವಾಗ್ಲೂ ಕೇಳಲ್ಲ. ಈ ಮನೇಲಿ ನಾನೇನು ಕಿಟಕಿ ಪರದೇನಾ?" ಅತ್ತೆ ಉಸಿರು ಸುಧಾರಿಸಿಕೊಂಡು ಹತ್ತಿರ ಬಂದು, ನಳಿಕೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದರು. ನೀರು ನಿಂತಿತು. "ಒಳಗೆ ಇನ್ನೇನೇನು ಇದೆ, ಒಂದೊಂದಾಗಿ ಹೇಳು. ಯಾವುದು ಕಚ್ಚುತ್ತೆ, ಯಾವುದು ಚುಚ್ಚುತ್ತೆ, ಯಾವುದು ಸಾಯಿಸುತ್ತೆ. ಎಲ್ಲಾ. ಆಮೇಲೆ ಇರ್ಲೋ ಬೇಡ್ವೋ ಅಂತ ನಾನು ಹೇಳ್ತೀನಿ."

ಅವಳು ಹೇಳಿದಳು. ಹೇಳಲು ಹೆಚ್ಚೇನೂ ಉಳಿದಿರಲಿಲ್ಲ. ಮರಳು, ವಿಷವಿಲ್ಲದ ಕಲ್ಲು, ಬಸವನಹುಳ, ನೀರನ್ನು ಬೆಚ್ಚಗಿಡುವ, ಕರೆಂಟು ಇದ್ದಾಗ ಮುಟ್ಟಬಾರದ ಬಿಸಿಕೋಲು. ಅತ್ತೆ ನಡುನಡುವೆ ಅಡ್ಡಪ್ರಶ್ನೆ ಹಾಕಿದರು, ವಕೀಲರ ಹಾಗೆ. ಅಷ್ಟರಲ್ಲಿ ಗಂಡ ಕೆಲಸದಿಂದ ಬಂದ. ಅಮ್ಮ ನಳಿಕೆ ಹಿಡಿದು ನಿಂತಿದ್ದನ್ನೂ ಹೆಂಡತಿ ನೆಲದ ಮೇಲೆ ಕೂತಿದ್ದನ್ನೂ ನೋಡಿದ.

"ಏನೋ ನೋಡ್ತೀಯಾ? ಆ ಬಕೆಟ್ಟು ಎತ್ತಿ ಒಳಗೆ ಹುಯ್ಯಿ. ನಿಧಾನಕ್ಕೆ, ಮರಳು ಕದಡಬಾರದು" ಎಂದರು ಅತ್ತೆ.

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಬಕೆಟ್ಟಿಗೆ ಬಾಗಿದ. ಎಷ್ಟು ನಿಧಾನ ಹುಯ್ದರೂ ಮರಳು ಕದಡಿತು. ತೊಟ್ಟಿಯೆಲ್ಲ ಹಾಲಿನಂತೆ ಮಬ್ಬಾಗಿ, ಒಳಗೆ ಏನಿದೆ ಏನಿಲ್ಲ ಒಂದೂ ಕಾಣದಾಯಿತು. ಮೂವರೂ ಅದರ ಮುಂದೆ ನಿಂತರು.

"ಇದರಲ್ಲಿ ಬದುಕಿದ್ದು ಸತ್ತಿದ್ದು ಹೇಗೆ ಗೊತ್ತಾಗೋದು?" ಎಂದು ಗಂಡ ಕೇಳಿದ. ಎಷ್ಟೋ ದಿನಗಳ ಮೇಲೆ ತೊಟ್ಟಿಯ ಬಗ್ಗೆ ಅವನು ಆಡಿದ ಮೊದಲ ಮಾತು ಅದು.

"ಕಾಯಬೇಕು" ಎಂದಳು ಟೈಲರಮ್ಮ. ಪಂಪಿನ ಸ್ವಿಚ್ಚು ಹಾಕಿ ಬಂದು, ಅತ್ತೆಗೆ ಕೂರಲು ಹೊಲಿಗೆ ಯಂತ್ರದ ಮುಂದಿನ ತನ್ನ ಸ್ಟೂಲನ್ನೇ ಎಳೆದು ಹಾಕಿದಳು.